ಬರೆಯುವ ಮುನ್ನ ಇಟ್ಟ ಆನೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ವಿಶ್ವೇಶ್ವರಪುರಂನ ಮನೆಯಲ್ಲಿ ಸತೀಶ್ ಹಳೆಯ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಎರಡು ಪೆನ್ನು ಗೀಚಿ ನೋಡಿದರು. ಎರಡೂ ಬರೆದವು.

"ಐವತ್ತೊಂದಾಯ್ತು, ಇನ್ನೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟೋನ ಥರ ಆಡ್ತೀಯಲ್ಲೋ," ಎಂದರು ತಾಯಿ ನರಸಮ್ಮ.

"ಇವತ್ತು ಡ್ರಾ ಆದ್ರೆ ಪಾಸಮ್ಮ."

ಸರ್ಕಾರಿ ಕಚೇರಿಯೊಂದರಲ್ಲಿ ಜಮೀನಿನ ನಕ್ಷೆ ಬರೆಯುವ ಸತೀಶ್ ಇಪ್ಪತ್ತಾರು ವರ್ಷದಿಂದ ರಾಜ್ಯ ಚೆಸ್ ತಂಡದ ಆಯ್ಕೆ ಪಂದ್ಯಾವಳಿ ಆಡುತ್ತಿದ್ದಾರೆ. ತಂಡಕ್ಕೆ ನಾಲ್ವರು. ಎರಡು ಸಲ ಅವರು ಐದನೆಯವರಾಗಿದ್ದರು. ಈ ಸಲ ಕೊನೆಯ ಸುತ್ತಿಗೆ ಮುಂಚೆ ನಾಲ್ಕನೆಯವರು. ಅರ್ಧ ಅಂಕ ಸಾಕಿತ್ತು. ಎದುರಾಳಿ ಮತ್ತಿಕೆರೆಯ ಯಶಶ್ರೀ, ಹತ್ತೊಂಬತ್ತು ವರ್ಷ. ಗೆದ್ದರೆ ಆ ಸ್ಥಾನ ಆಕೆಯದು.

ಮಲ್ಲೇಶ್ವರದ ಸಭಾಂಗಣದಲ್ಲಿ ಆಟ ನಾಲ್ಕು ಗಂಟೆ ದಾಟಿತು. ಯಶಶ್ರೀಗೆ ಎರಡು ಕಾಲಾಳು ಹೆಚ್ಚು. ಸತೀಶ್ ಗಡಿಯಾರದಲ್ಲಿ ಉಳಿದದ್ದು ಒಂದು ನಿಮಿಷ, ಪ್ರತಿ ನಡೆಗೆ ಅರ್ಧ ನಿಮಿಷ ಸೇರುತ್ತಿತ್ತು. ಅವರು ಆನೆಯಿಂದ ಚೆಕ್ ಕೊಟ್ಟರು, ಆಕೆ ರಾಜನನ್ನು ಸರಿಸಿದರು. ಮತ್ತೆ ಚೆಕ್, ರಾಜ ಹಳೆಯ ಮನೆಗೆ. ಅದೇ ಸ್ಥಿತಿ ಎರಡು ಸಲ ಬಂತು. ಮೂರನೇ ಸಲ ಬರುವುದಿದ್ದರೆ ಡ್ರಾ ಕೇಳಬಹುದು. ಆದರೆ ಕೇಳುವವರು ಕಾಯಿ ಮುಟ್ಟದೆ ಆ ನಡೆಯನ್ನು ಹಾಳೆಯಲ್ಲಿ ಬರೆದು ತೀರ್ಪುಗಾರರನ್ನು ಕರೆಯಬೇಕು. ಉಳಿದ ನಡೆಗಳಿಗೆಲ್ಲ ಇದು ತಿರುವುಮುರುವು: ಅಲ್ಲಿ ಮೊದಲು ಆಡಬೇಕು, ಆಮೇಲೆ ಬರೆಯಬೇಕು.

ಸತೀಶ್ ಆನೆ ಇಟ್ಟರು, ಗಡಿಯಾರ ಒತ್ತಿದರು, ಪೆನ್ನು ತೆಗೆದುಕೊಂಡರು. ತಪ್ಪು ಹೊಳೆದು ಪೆನ್ನು ಹಾಳೆಯ ಮೇಲೆ ನಿಂತೇಬಿಟ್ಟಿತು. ಆದರೂ ಕೈ ಎತ್ತಿದರು.

"ಮೇಡಂ, ಮೂರನೇ ಸಲ. ಡ್ರಾ."

ತೀರ್ಪುಗಾರ್ತಿ ವಿಶಾಲಮ್ಮ ಬೋರ್ಡು ನೋಡಿದರು, ಹಾಳೆ ನೋಡಿದರು. "ಆನೆ ಇಟ್ಟಾಯ್ತಲ್ಲ ಸರ್. ಈಗ ಸರದಿ ಅವರ್ದು." ಯಶಶ್ರೀ ಕಡೆ ತಿರುಗಿದರು. "ಆಡಿ."

ಯಶಶ್ರೀ ಆರು ನಿಮಿಷ ಯೋಚಿಸಿದರು. ಸತೀಶ್ ನೀರಿನ ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮುಚ್ಚಿದರು. ಈ ಸಲ ರಾಜ ಹಳೆಯ ಮನೆಗೆ ಹೋಗಲಿಲ್ಲ. ಮುಂದಕ್ಕೆ, ಕಾಲಾಳಿನ ಮರೆಗೆ ನಡೆಯಿತು. ಚೆಕ್ ಕೊಡಲು ದಾರಿ ಉಳಿಯಲಿಲ್ಲ. ಹದಿನೇಳು ನಡೆಗಳ ನಂತರ ಸತೀಶ್ ಸೋಲೊಪ್ಪಿ ಕೈ ಚಾಚಿದರು.

"ಬರೆದಿದ್ರೆ ಮುಗ್ದೋಗ್ತಿತ್ತು ಅಂಕಲ್," ಎಂದರು ಯಶಶ್ರೀ, ಮೆಲ್ಲಗೆ.

"ಗೊತ್ತಮ್ಮ. ನನಗ್ಗೊತ್ತು, ಕೈಗೆ ಗೊತ್ತಾಗ್ಲಿಲ್ಲ."

ತಂಡ ಮುಂದಿನ ತಿಂಗಳು ಹನ್ನೆರಡಕ್ಕೆ ರಾಷ್ಟ್ರೀಯ ಪಂದ್ಯಾವಳಿಗೆ ಭುವನೇಶ್ವರಕ್ಕೆ ಹೊರಡುತ್ತದೆ. ಸತೀಶ್ ಅದಕ್ಕೆಂದು ಮುಂಚೆಯೇ ಮಂಜೂರು ಮಾಡಿಸಿಕೊಂಡಿದ್ದ ಹತ್ತು ದಿನದ ರಜೆಯನ್ನು ಸೋಮವಾರ ರದ್ದು ಮಾಡಿಸಿದರು.