ಅಕ್ಕ ಮೊದಲು ಓದಿದ ಸಾಲು

ಮೊನ್ನೆ ಶಹಾಪುರದಲ್ಲಿ ಬಸ್ಸಿಳಿದಾಗ ಹತ್ತಿ ಮಿಲ್ಲಿನ ಕಡೆಯಿಂದ ಗಾಳಿ ಬೀಸಿತು. ಹತ್ತಿಕಾಳಿನ ಆ ಜಿಡ್ಡು ವಾಸನೆ ಮೂಗಿಗೆ ಬಡಿಯುತ್ತಲೇ ಅಕ್ಕ ನೆನಪಾದಳು. ಒಡಹುಟ್ಟಿದವಳಲ್ಲ, ನನಗೆ ಕೆಲಸ ಕಲಿಸಿದ ಸುರಪುರದ ಹೆಣ್ಣುಮಗಳು.

ನಮ್ಮದು ವಿಚಿತ್ರ ಕೆಲಸ. ಮಾಲೀಕರಿಂದಲೇ ಒಪ್ಪಿಗೆ ಬರೆಸಿಕೊಂಡು ಅವರ ಕಂಪ್ಯೂಟರ್‌ಗಳಿಗೆ ಕಳ್ಳರಂತೆ ನುಗ್ಗಿ, ಎಲ್ಲಿ ಸಡಿಲವಿದೆ ಎಂದು ತೋರಿಸುವುದು. ಪೆನ್‌ಟೆಸ್ಟ್ ಎನ್ನುತ್ತಾರೆ. ನನಗೆ ನುಗ್ಗುವುದರಲ್ಲಷ್ಟೇ ಖುಷಿ. ಅಕ್ಕ ಮಾತ್ರ ಒಂದು ಹೆಜ್ಜೆ ಇಟ್ಟ ಕೂಡಲೇ ಕೈ ನಿಲ್ಲಿಸಿ ಬರೆಯುತ್ತಿದ್ದಳು: ಎಷ್ಟು ಹೊತ್ತಿಗೆ, ಯಾವ ಕಂಪ್ಯೂಟರಿನ ಮೇಲೆ, ಏನು ಮಾಡಿದೆವು, ಏನಾಯಿತು. ಪಕ್ಕದಲ್ಲೇ ಸ್ಕ್ರೀನ್‌ಶಾಟ್. ಫಲಿಸದ ಪ್ರಯತ್ನಕ್ಕೂ ಅಲ್ಲಿ ಜಾಗವಿತ್ತು.

"ಸಂಜಿಗಿ ಎಲ್ಲಾ ಕೂಡೇ ಬರದ್ರ ಆಗಂಗಿಲ್ಲೇನಕ್ಕಾ?" ಎಂದು ನಾನು ಕೇಳಿದರೆ, "ಸಂಜಿತನಕ ನಿನ್ನ ತಲಿ ಕತಿ ಕಟ್ಟಿರ್ತದ" ಎಂದು ನಗುತ್ತಿದ್ದಳು.

ಒಂದು ಸಲ ಇದೇ ಮಿಲ್ಲಿನ ಪಕ್ಕದ ಸಹಕಾರಿ ಸಂಘವೊಂದರಲ್ಲಿ ನಮ್ಮ ಕೆಲಸ ನಡೆದಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ಕೂರುವಷ್ಟರಲ್ಲಿ ಕೌಂಟರಿನಲ್ಲಿ ಗದ್ದಲ. ಕಂಪ್ಯೂಟರ್‌ಗಳೆಲ್ಲ ನಿಂತುಹೋಗಿದ್ದವು, ಹತ್ತಿ ಮಾರಿದ ಹಣಕ್ಕೆಂದು ಬಂದ ರೈತರು ಸರದಿಯಲ್ಲಿ ಕೂಗಾಡುತ್ತಿದ್ದರು. ಸಂಘದ ಅಧ್ಯಕ್ಷರು ನಮ್ಮ ಕೋಣೆಗೆ ನುಗ್ಗಿದರು.

"ನೀವೇ ಕೆಡಿಸೀರಿ! ಪೊಲೀಸರಿಗಿ ಕರಸ್ತೀನಿ!"

ಅಕ್ಕ ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟಳು.

"ಕರಸ್ರಿ. ಅವರು ಬರೋದ್ರಾಗ ಇದೊಂದು ಕೇಳ್ರಿ."

ಬರೆದಿಟ್ಟಿದ್ದರಲ್ಲಿ ಅವಳು ಮೊದಲು ಓದಿದ್ದು ನಮ್ಮದೇ ತಪ್ಪನ್ನು. ಬೆಳಿಗ್ಗೆ ನಮ್ಮ ಪರೀಕ್ಷೆಯಿಂದ ಪ್ರಿಂಟರ್ ಒಂದು ನಿಂತಿತ್ತು; ಮ್ಯಾನೇಜರಿಗೆ ಹೇಳಿ ಸರಿಪಡಿಸಿದ್ದೆವು. ಅಧ್ಯಕ್ಷರಿಗೆ ಅದು ಗೊತ್ತೇ ಇರಲಿಲ್ಲ. ನಾನಾಗಿದ್ದರೆ ಆ ಹೊತ್ತಿನಲ್ಲಿ ಆ ಸಾಲಿನ ಮೇಲೆ ಅಂಗೈ ಇಡುತ್ತಿದ್ದೆ... ಅಧ್ಯಕ್ಷರು ಮೆಲ್ಲಗೆ ಕುಳಿತರು.

"ಆಮ್ಯಾಲೆ?"

"ಆಮ್ಯಾಲೆ ಎಲ್ಲಾ ಬಂದ್ ಮಾಡಿ ಊಟಕ್ಕ ಎದ್ದೀವ್ರಿ. ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಸರ್ವರಿನಾಗ ಯಾರ್ಯಾರು ಯಾವಾಗ ಬಂದಾರಂತ ಇರ್ತದ, ಅದನ್ನ ತಗೀರಿ. ಎರಡೂ ಕೂಡಿಸಿ ನೋಡೂಣು."

ನೋಡಿದರು. ನಮ್ಮ ಪ್ರತಿಯೊಂದು ಹೆಜ್ಜೆಯೂ ಅಕ್ಕ ಬರೆದಿದ್ದಂತೆಯೇ ಇತ್ತು. ನಾವು ಊಟಕ್ಕೆ ಹೋದಾಗ ಒಳಬಂದವರು ಬೇರೆ: ಸಂಘಕ್ಕೆ ಸಾಫ್ಟ್‌ವೇರ್ ಮಾರಿದವರು, ದೂರದಿಂದಲೇ, ಯಾರಿಗೂ ಹೇಳದೆ ಏನನ್ನೋ ಬದಲಿಸಿದ್ದರು. ಅಧ್ಯಕ್ಷರು ಫೋನಿನಲ್ಲಿ ಅವರ ಜನ್ಮ ಜಾಲಾಡಿದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್‌ಗಳು ಮತ್ತೆ ಶುರುವಾಗಿ ಸರದಿ ಮುಂದೆ ಸರಿಯಿತು.

ಹೊರಡುವಾಗ ಅಧ್ಯಕ್ಷರು ಬಾಗಿಲವರೆಗೂ ಬಂದರು. "ಪ್ರಿಂಟರಿಂದು ಹೇಳದೆ ಇದ್ದಿದ್ರ ನಾ ಉಳಿದದ್ದೇನೂ ಕೇಳ್ತಿದ್ದಿಲ್ಲ ನೋಡವಾ ತಂಗಿ" ಎಂದರು. ಅಕ್ಕ "ಹೌದ್ರಿ" ಎಂದಳು, ಅಷ್ಟೇ.

ಹೋದ ವರ್ಷ ಕಾಯಿಲೆ ಅವಳನ್ನು ಒಯ್ದಿತು.

ಈಗ ಭೀಮರಾಯನಗುಡಿಯಲ್ಲಿ ಒಂದು ಕೆಲಸ ಹಿಡಿದಿದ್ದೇನೆ. ತಂಡ ನನ್ನದು. ಯಾರೇ ಬಂದು ಮೇಜು ಕುಟ್ಟಿದರೂ ಹೆದರುವುದಿಲ್ಲ. ಕುರ್ಚಿ ಕೊಟ್ಟು ಓದಿ ಹೇಳಬಲ್ಲೆ. ಆದರೂ ವರದಿ ಮುಗಿದ ದಿನ ಅದನ್ನು ಒಬ್ಬಳಿಗೆ ತೋರಿಸಬೇಕೆನಿಸುತ್ತದೆ... ಸುರಪುರದ ಬಸ್ಸು ಎದುರಿಗೇ ನಿಂತು ಹೋಗುತ್ತದೆ. ಹತ್ತಿದರೆ ಇಳಿದು ಯಾರ ಮನೆಗೆ ಹೋಗಲಿ?