ಅರ್ಧ ದಾರಿ ಮುಟ್ಟಿದವಳು

ಬೇಗಂಪೇಟೆ ನಿಲ್ದಾಣದ ವಿಮಾನಗಳು ಇನ್ನೂ ನಮ್ಮ ತಲೆಯ ಮೇಲೇ ಹಾದುಹೋಗುತ್ತಿದ್ದ ಕಾಲ. ಮೆಹದಿಪಟ್ಟಣಂನ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಸುಡಾನಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಫಾರ್ಮಸಿ ಓದಲು ಬಂದವಳು. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಸಂಜೆ ಅವಳು ಕೆಂಡದ ಮೇಲೆ ಉದುರಿಸುತ್ತಿದ್ದ ಧೂಪದ ವಾಸನೆ ಮೆಟ್ಟಿಲಿಳಿದು ಬಂದು ನನ್ನ ಪಕ್ಕದಲ್ಲೇ ಕೂತುಬಿಡುತ್ತಿತ್ತು. ಆಮೇಲೆ ಎಲ್ಲಿಯ ಗಣಿತ, ಎಲ್ಲಿಯ ಪಾಠ. ಬಿಜಾಪುರದಿಂದ ಬಂದ ಅವ್ವನಿಗೆ ಹಿಂದಿ ಬರುತ್ತಿರಲಿಲ್ಲ ಎನ್ನುವಂತಿಲ್ಲ, ಬಂದಷ್ಟನ್ನೂ ಕನ್ನಡದಲ್ಲೇ ಆಡುತ್ತಿದ್ದಳು. ಹೀಗಾಗಿ ಆ ಹುಡುಗಿಯೇ ಕನ್ನಡ ಕಲಿತು ಅವಳನ್ನು ಅವ್ವ ಎಂದು ಕರೆಯತೊಡಗಿದಳು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಕೊನೆಯ ವರ್ಷದಲ್ಲಿ ಅವಳ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಅವಳ ವೀಸಾ ಒಂದೇ ಸಲ ಒಳಗೆ ಬಿಡುವಂಥದ್ದು. ಊರಿಗೆ ಹೋಗಿ ಮತ್ತೆ ಬರಬೇಕಾದರೆ ಮೊದಲೇ ಇಲ್ಲಿ ಅನುಮತಿ ಪಡೆಯಬೇಕು. ಕಾಲೇಜಿನವರು ಒಪ್ಪಿದ್ದರು, ವೀಸಾ ಆಫೀಸಿನ ಮುದ್ರೆ ಮಾತ್ರ ಬೀಳಲೊಲ್ಲದು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಅನುಮತಿ ಇಲ್ಲದ ಹೋದ್ರ ತಿರುಗಿ ಬರೂದು ಭಾಳ ಕಷ್ಟ ಐತಿ, ತಂಗಿ. ಇಷ್ಟು ವರ್ಷದ ಓದು ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಕೈತಿ," ಎಂದರು ಅಪ್ಪ. ಸರ್ಕಾರಿ ನೌಕರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು.

ಅವ್ವ ಒಲೆಯ ಮುಂದಿನಿಂದಲೇ, "ನೀವು ಸುಮ್ಮ ಕೂಡ್ರಿ. ಓದು ಮುಂದಿನ ವರ್ಷನೂ ಸಿಗತೈತಿ. ಹೋಗವ್ವ, ತಾಯಿ ಮುಖ ನೋಡು," ಎಂದಳು.

ಅವಳು ಹೊರಟೇಬಿಟ್ಟಳು. ಊರಿಗೆ ಹೊರಟವರು ಮುಟ್ಟಿದ ಸುದ್ದಿ ಬರುವ ತನಕ ಅವರ ಬೆನ್ನ ಹಿಂದೆ ಕಸ ಗುಡಿಸಬಾರದೆನ್ನುವುದು ನಮ್ಮಲ್ಲಿನ ರೂಢಿ. ಅವ್ವ ಮಾಳಿಗೆ ಕೋಣೆಗೆ ಕಸಬರಿಗೆ ಮುಟ್ಟಿಸಲಿಲ್ಲ. ಊರು ಸೇರಿದೆನೆಂದು ಅವಳ ಫೋನು ಬಂತು.

"ಮುಟ್ಟ್ಯಾಳಲ್ಲ, ಇನ್ನ ಗುಡಿಸು," ಅಂದರು ಅಪ್ಪ.

"ಅರ್ಧ ದಾರಿ ಮುಟ್ಟ್ಯಾಳ," ಅಂದಳು ಅವ್ವ. "ಹೊರಟದ್ದು ಇಲ್ಲಿಂದ. ಇಲ್ಲಿಗೆ ಬಂದ್ರ ಮುಟ್ಟಿದಂಗ."

ಕೋಣೆ ಕೇಳಿಕೊಂಡು ಬಂದವರೆಲ್ಲ ಬಾಗಿಲಿನಿಂದಲೇ ತಿರುಗಿದರು. ಅದರ ಮೇಲೆ ನನ್ನ ಕಣ್ಣೂ ಇತ್ತು. ಮಧ್ಯಾಹ್ನ ಕದ್ದು ಹೋಗಿ ಆ ಧೂಳಿನಲ್ಲೇ ಮಲಗುತ್ತಿದ್ದೆ. ಬಿಸಿಲು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ವಿಮಾನ ಹಾದರೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಅರೆನಿದ್ದೆಯಲ್ಲಿ ಪ್ರತಿ ವಿಮಾನದಿಂದಲೂ ಅವಳೇ ಇಳಿಯುತ್ತಿದ್ದಳು. ಯಾರೋ ಬಾಗಿಲಲ್ಲಿ ಅವಳನ್ನು ತಡೆಯುತ್ತಿದ್ದರು, ನಾನು ಹೋಗಿ ಬಿಡಿಸಿಕೊಂಡು ಬರಬೇಕು, ಕಾಲೇ ಏಳುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ಅವಳು ಬಂದರೆ ಸಾಕಿತ್ತು ನನಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತು. ಅವಳೇ. ಅಲ್ಲಿಯ ಭಾರತದ ರಾಯಭಾರ ಕಚೇರಿಗೆ ಅಲೆದೂ ಅಲೆದೂ ಹೊಸ ವೀಸಾ ಮಾಡಿಸಿಕೊಂಡು ಬಂದಿದ್ದಳು. ಅಪ್ಪ ಪಾಸ್‌ಪೋರ್ಟ್ ಇಸಿದುಕೊಂಡು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವ್ವ ಕೇಳಿದ್ದು ಒಂದೇ ಮಾತು. "ತಾಯಿ?"

"ಮುಖ ನೋಡಿದೆ, ಅವ್ವ," ಎಂದಳು. "ಗುರ್ತು ಹಿಡದ್ಲು. ಆಮ್ಯಾಲೆ ಎರಡು ದಿನ ಇದ್ಲು."

ಅವಳ ಕಣ್ಣು ಒಣಗಿದ್ದವು. ಸಾಲಿನಲ್ಲಿ ನಿಂತು ನಿಂತು, ಮುದ್ರೆಗೆ ಕಾದು ಕಾದು, ಅಳಲು ಅವಳಿಗೆ ಪುರಸೊತ್ತೇ ಸಿಕ್ಕಿರಲಿಕ್ಕಿಲ್ಲ.

ಅವ್ವ ಬಚ್ಚಲ ಹಂಡೆಗೆ ಉರಿ ಹಾಕಿದಳು. ನೀರು ಕಾದ ಮೇಲೆ, "ಬಾ. ತಾಯಿ ಕಳಕೊಂಡ ಮಗಳ ತಲಿಗೆ ಯಾರರೆ ನೀರು ಹಾಕಬೇಕು," ಎಂದು ಕೈಹಿಡಿದು ಕರೆದುಕೊಂಡು ಹೋದಳು. ಮೊದಲಿಗೆ ನೀರಿನ ಸದ್ದಷ್ಟೇ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ದನಿ ತೆಗೆದು ಅತ್ತಳು. ಅವ್ವ ನಿಲ್ಲಿಸಲಿಲ್ಲ, ಹಂಡೆ ಬರಿದಾಗುವ ತನಕ ನೀರು ಹಾಕುತ್ತಲೇ ಇದ್ದಳು.