ಪರದೆಯ ಕೆಳಗಿನ ಒಂದು ಗೇಣು

ಪರದೆ ಅಕ್ಕನನ್ನು ಕೊರಳಲ್ಲಿ ಅಳತೆ ಟೇಪಿಲ್ಲದೆ ಕಂಡವರು ಯಾರೂ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಟೇಪು ಕೊರಳಿಗೆ ಬಿದ್ದಿರುತ್ತದೆ ಎಂದು ಅವಳ ಗಂಡ ಹೇಳುತ್ತಾನೆ. ಅವನ ಮಾತನ್ನು ಅರ್ಧ ನಂಬಿದರೆ ಸಾಕು. ಜೆರಾಕ್ಸ್ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಇಬ್ಬರು ಒಟ್ಟಿಗೆ ತಿರುಗಿದರೆ ಮೊಣಕೈ ತಾಗುವಂಥ ಅಂಗಡಿಯಲ್ಲಿ ಕೂತು ಮೂವತ್ತು ವರ್ಷದಿಂದ ಅವಳು ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಿದ್ದಾಳೆ. ಹೊಲಿದು ಹೊಲಿದು ಕಣ್ಣಿಗೊಂದು ಚಟ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ಪರದೆಯ ಕೆಳಗಿನ ಅಂಚು ನೋಡುತ್ತಾಳೆ. ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮತ್ತು ಬರುವ ಇಂಜೆಕ್ಷನ್ ಕೊಡುತ್ತಿದ್ದ ಡಾಕ್ಟರಿಗೆ “ಸಾರ್, ನಿಮ್ಮ ಪರದೆ ಎರಡು ಬೆರಳು ಗಿಡ್ಡ” ಎಂದು ಹೇಳಿಯೇ ಕಣ್ಣು ಮುಚ್ಚಿದವಳು. ಎಚ್ಚರವಾದ ಮೇಲೆ ಮೊದಲು ವಿಚಾರಿಸಿದ್ದೂ ಪರದೆಯನ್ನೇ.

ಇಂಥ ಗಟ್ಟಿಗಿತ್ತಿಯೂ ಒಂದೇ ಒಂದು ಮಾತು ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕತ್ತರಿ ಕೆಳಗಿಡುತ್ತಿದ್ದಳು. “ಶೂ ಕಾಣ್ತು.”

ಆ ಊರಿನಲ್ಲಿ ಯಾರಾದರೂ ಬುರುಡೆ ಬಿಟ್ಟರೆ ಎದುರಿಗಿದ್ದವರು ಹೇಳುವ ಮಾತು ಅದು. ಮೀನು ಹಿಡಿದವನು ಎರಡು ತೋಳನ್ನೂ ಅಗಲಿಸಿ ಅಳತೆ ತೋರಿಸಿದರೆ, “ಹೌದಪ್ಪಾ, ಶೂ ಕಾಣ್ತು!” ಹುಷಾರಿಲ್ಲ ಎಂದು ರಜೆ ಹಾಕಿದ ಗುಮಾಸ್ತ ಸಿನಿಮಾ ಮಂದಿರದಲ್ಲಿ ಸಿಕ್ಕಿಬಿದ್ದರೆ, “ಏನಯ್ಯಾ, ಶೂ ಕಾಣ್ತಾ?” ಹೇಳುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಅದು ಎಲ್ಲಿ ಹುಟ್ಟಿದ ಮಾತು ಎಂದು ಗೊತ್ತಿಲ್ಲ. ಪರದೆ ಅಕ್ಕನಿಗೆ ಚೆನ್ನಾಗಿ ಗೊತ್ತು. ಅದು ಹುಟ್ಟಿದ್ದು ಅವಳ ಅಜ್ಜನಿಂದ, ಅಂದರೆ ಅಮ್ಮನ ಅಪ್ಪನಿಂದ.

ಎಪ್ಪತ್ತೆಂಟು ವರ್ಷದ ಹಿಂದೆ ಆ ಅಜ್ಜ ಒಬ್ಬ ದೊಡ್ಡ ವ್ಯಾಪಾರಿಯ ಮನೆಯಲ್ಲಿ ಆಳಾಗಿದ್ದ. ಒಂದು ಮಧ್ಯಾಹ್ನ ಆ ಮನೆಯ ಮಲಗುವ ಕೋಣೆಯಿಂದ ಏಳೆಳೆಯ ಮುತ್ತಿನ ಹಾರ ಕಳುವಾಯಿತು. ಹಾಸಿಗೆ ಕೊಡವಲು ಹೋದವನು ಬಾಗಿಲಲ್ಲಿ ನಿಂತಾಗ, ಕಿಟಕಿಯ ಪರದೆಯ ಕೆಳಗೆ ಕಂದು ಬಿಳಿ ಎರಡು ಬಣ್ಣದ ಶೂ ಕಂಡೆ, ಅಂಥ ಶೂ ಹಾಕುವವರು ಮನೆಯ ಅಳಿಯ ಒಬ್ಬರೇ ಎಂದು ಅಜ್ಜ ಕೋರ್ಟಿನಲ್ಲಿ ಹೇಳಿದ. ನ್ಯಾಯಾಧೀಶರು ಖುದ್ದಾಗಿ ಬಂದು ಕೋಣೆ ನೋಡಿದರು. ಪರದೆ ನೆಲ ಒರೆಸುತ್ತಿತ್ತು. ಅದರ ಕೆಳಗೆ ಶೂ ಹಾಗಿರಲಿ, ಇರುವೆ ಕಾಣುವುದೂ ಕಷ್ಟವಿತ್ತು. ಅಳಿಯ ತಲೆ ಎತ್ತಿಕೊಂಡು ಮನೆಗೆ ಹೋದ, ಅಜ್ಜ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮೂರು ತಿಂಗಳು ಜೈಲಿಗೆ ಹೋದ. ಹಾರ ಎಲ್ಲಿಗೆ ಹೋಯಿತೋ ಇವತ್ತಿಗೂ ಪತ್ತೆಯಿಲ್ಲ.

ಆಗ ಅಮ್ಮನಿಗೆ ನಾಲ್ಕು ವರ್ಷ. ಶಾಲೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿಗಳಲ್ಲಿ ಇದ್ದದ್ದು ‘ಶೂ’ ಎಂದೇ. ಮದುವೆಯಾಗಿ ಹೋದ ಬೀದಿಗೂ ಆ ಮಾತು ಅವಳಿಗಿಂತ ಮುಂಚೆ ಹೋಗಿ ಕೂತಿತ್ತು. ಈಗ ಎಂಬತ್ತೆರಡರ ಮುದುಕಿ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ: “ನಮ್ಮಪ್ಪ ಸುಳ್ಳು ಹೇಳೋನಲ್ಲ. ಎಡಗಾಲಿನ ಲೇಸು ಬಿಚ್ಚಿತ್ತು ಅಂತ ಕೂಡ ಹೇಳ್ತಿದ್ದ. ಸುಳ್ಳು ಹೇಳೋನಿಗೆ ಲೇಸಿನ ಉಸಾಬರಿ ಯಾಕೆ?” ಮಗಳು ಪ್ರತಿ ಸಲವೂ “ಹೂಂ ಅಮ್ಮಾ” ಎನ್ನುತ್ತಾಳೆ. ಒಳಗೊಳಗೇ ಮಾತ್ರ ನಂಬಿರಲಿಲ್ಲ. ಪರದೆಯ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೆಲ ಮುಟ್ಟಿದ ಪರದೆಯ ಕೆಳಗೆ ಏನೂ ಕಾಣುವುದಿಲ್ಲ. ಅಮ್ಮನಿಗೆ ಹೇಳದ ಆ ಅಪನಂಬಿಕೆ ಅವಳನ್ನು ವರ್ಷಗಟ್ಟಲೆ ಕೊರೆದಿತ್ತು.

ಆ ದೊಡ್ಡ ಮನೆ ಈಗ ಮ್ಯೂಸಿಯಂ. ಕಳ್ಳತನ ನಡೆದ ಕೋಣೆಯನ್ನು ಯಾವ ಪುಣ್ಯಾತ್ಮನೋ ಒಡೆಸಿ ಶೌಚಾಲಯ ಮಾಡಿಸಿಬಿಟ್ಟಿದ್ದ. ನೋಡಲು ಬಂದವರಿಗೆ ಊರಿನ ಪ್ರಸಿದ್ಧ ಕೋಣೆ ಎಂದು ಕೈತೊಳೆಯುವ ಬೇಸಿನ್ನು ತೋರಿಸುವುದು ಹೇಗೆ? ಅದಕ್ಕೇ ಮ್ಯೂಸಿಯಂ ಮೇಡಂ ಒಬ್ಬ ಗಡ್ಡದ ಎಂಜಿನಿಯರನನ್ನು ಕರೆಸಿ, ಹಳೆಯ ಫೋಟೋ ನೋಡಿಕೊಂಡು ಆ ಕೋಣೆಯನ್ನು ವರ್ಚುವಲ್ ರಿಯಾಲಿಟಿಯಲ್ಲಿ ಕಟ್ಟಿಸುತ್ತಿದ್ದರು. ಹೆಡ್‌ಸೆಟ್ ಕಣ್ಣಿಗೆ ಹಾಕಿಕೊಂಡರೆ ಕೋಣೆಯೊಳಗೇ ನಿಂತ ಹಾಗೆ. ಮಂಚ ಬಂತು, ಕನ್ನಡಿ ಬಂತು, ಗೋಡೆ ಗಡಿಯಾರವೂ ಬಂತು. ಪರದೆ ಮಾತ್ರ ತಗಡಿನ ಶೀಟಿನ ಹಾಗೆ ನಿಂತಿತು. ಬಟ್ಟೆ ಹೇಗೆ ಇಳಿಬೀಳುತ್ತದೆ ಎಂದು ಹೇಳಿಕೊಡಲು, ಜೊತೆಗೆ ಬಾಗಿಲಿಗೆ ನಿಜವಾದ ಪರದೆ ಹೊಲಿಯಲು ಪರದೆ ಅಕ್ಕನಿಗೆ ಕರೆ ಬಂತು. ತಾನು ಯಾರ ಮೊಮ್ಮಗಳು ಎಂದು ಅವಳು ಬಾಯಿ ಬಿಡಲಿಲ್ಲ. ಅಮ್ಮ ಮಾತ್ರ ಉದ್ಘಾಟನೆಗೆ ತಾನೂ ಬರುತ್ತೇನೆಂದು ಬೀದಿಗೆಲ್ಲ ಡಂಗುರ ಸಾರಿಬಿಟ್ಟಳು.

ಹೆಡ್‌ಸೆಟ್ ಹಾಕಿದ ಮೊದಲ ದಿನ ಪರದೆ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ಅಯ್ಯಯ್ಯೋ, ಮಂಚ! ಅಯ್ಯೋ, ಕನ್ನಡಿ!” ಎಂದು ಕುಣಿದಾಡಿದಳು. ಇಲ್ಲದ ಮೇಜಿಗೆ ಕೈಯೂರಲು ಹೋಗಿ ಮುಗ್ಗರಿಸಿದಳು. ಪರದೆ ಮುಟ್ಟಿ ನೋಡುತ್ತೇನೆಂದು ಕೈ ಚಾಚಿ, ಪಕ್ಕದಲ್ಲಿದ್ದ ಮೇಡಂ ಸೀರೆಯ ಸೆರಗನ್ನು ಹಿಡಿದು, ಬೆರಳಲ್ಲಿ ಉಜ್ಜಿ, “ಇದು ಒಳ್ಳೇ ಬಟ್ಟೆ ಕಣ್ರೀ, ಇದನ್ನ ಯಾಕೆ ತಗಡು ಅಂತೀರಾ?” ಎಂದಳು. ಎಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಡಂಗೂ ನಗು ತಡೆಯಲಾಗಲಿಲ್ಲ.

ಆಗ ಕಿವಿಯೊಳಗೆ ಒಂದು ಗಂಡುದನಿ ಶುರುವಾಯಿತು. “ನೀವೀಗ ಆಳು ನಿಂತಿದ್ದ ಜಾಗದಲ್ಲೇ ನಿಂತಿದ್ದೀರಿ. ಪರದೆಯ ಕೆಳಗೆ ನೋಡಿ. ಶೂ ಕಾಣ್ತಾ?” ಹಿಂದೆಯೇ ಪೀಪಿ ಊದಿದ ಹಾಗೆ ಒಂದು ತಮಾಷೆಯ ಸಂಗೀತ.

ಅವಳು ಹೆಡ್‌ಸೆಟ್ ತೆಗೆದು ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

“ಯಾಕಕ್ಕಾ, ತಲೆ ಸುತ್ತು ಬಂತಾ? ಕೆಲವರಿಗೆ ಬರುತ್ತೆ” ಎಂದ ಎಂಜಿನಿಯರ್.

“ಆ ಕೊನೇ ಮಾತು ತೆಗೆಯೋಕಾಗಲ್ವಾ?”

“ಕೋರ್ಟಿನ ದಾಖಲೆಯಲ್ಲಿರೋದೇ ಅದಮ್ಮಾ” ಎಂದರು ಮೇಡಂ. “ಜೊತೆಗೆ ಜನ ನಗೋ ಜಾಗ ಅದೊಂದೇ.”

ಉದ್ಘಾಟನೆಯ ದಿನ ಆ ಪೀಪಿ ಅಮ್ಮನ ಕಿವಿಗೂ ಬೀಳುತ್ತದೆ. ಕೆಲಸ ಬಿಟ್ಟು ಎದ್ದು ಹೋಗೋಣವೆಂದರೆ, ಅವಳಿಲ್ಲದಿದ್ದರೂ ಪೀಪಿ ಊದುತ್ತಲೇ ಇರುತ್ತದೆ. ಕೊನೆಗೆ, ಬಂದ ಕೆಲಸವನ್ನಾದರೂ ನೆಟ್ಟಗೆ ಮಾಡೋಣ ಎಂದುಕೊಂಡು, ಪರದೆಯಲ್ಲಿ ಎಷ್ಟು ನೆರಿಗೆ ಇದ್ದವು ಎಂದು ಎಣಿಸಲು ಹಳೆಯ ಫೋಟೋ ಕೇಳಿದಳು. ಎಂಜಿನಿಯರ್ ಅದನ್ನು ಕಂಪ್ಯೂಟರಿನಲ್ಲಿ ತೆರೆದ.

ಅವಳ ಕಣ್ಣು ಚಟದ ಪ್ರಕಾರ ನೇರವಾಗಿ ಕೆಳಗಿನ ಅಂಚಿಗೆ ಹೋಯಿತು.

“ದೊಡ್ಡದು ಮಾಡಿ” ಎಂದಳು. “ಇನ್ನೂ. ಇನ್ನೂ ಸ್ವಲ್ಪ.” ಆಮೇಲೆ ಕೂಗಿದ ಕೂಗಿಗೆ ಹೊರಗಿದ್ದ ಕಾವಲುಗಾರ ಓಡಿ ಬಂದ.

“ಬಿಚ್ಚಿದ್ದಾರೆ! ಮಡಿಕೆ ಬಿಚ್ಚಿದ್ದಾರೆ ಕಣ್ರೀ! ಹೊಲಿಗೆ ಬಿಚ್ಚಿ ಇಳಿಬಿಟ್ಟಿದ್ದಾರೆ!”

ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಅವಳು ಉತ್ತರ ಹೇಳುವ ಬದಲು ಅಂಗಡಿಗೆ ಓಡಿದಳು. ಐವತ್ತೈದರ ಹೆಂಗಸು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ರಿಪೇರಿಗೆ ಬಂದಿದ್ದ ಯಾರದೋ ಹಳೇ ಪರದೆಯನ್ನು ಹೆಗಲ ಮೇಲೆ ಹೊತ್ತು ತಂದು ಮೇಡಂ ಮೇಜಿನ ಮೇಲೆ ಒಗೆದಳು. ಕೆಳಗಿನ ಅಂಚಿಗೆ ಬ್ಲೇಡು ಹಾಕಿ ಚರ್ರನೆ ಹೊಲಿಗೆ ಬಿಚ್ಚಿದಳು.

“ಹತ್ತಿ ಬಟ್ಟೆ ಒಗೆದ್ರೆ ಕುಗ್ಗುತ್ತೆ. ಅದಕ್ಕೇ ನಾವು ಕೆಳಗೆ ಒಂದು ಗೇಣು ಬಟ್ಟೆ ಒಳಗೆ ಮಡಚಿ ಹೊಲೀತೀವಿ. ಪರದೆ ಗಿಡ್ಡ ಆದಾಗ ಬಿಚ್ಚಿ ಬಿಟ್ರೆ ಮತ್ತೆ ನೆಲಕ್ಕೆ ಬರುತ್ತೆ. ಈಗ ನೋಡಿ, ಮೇಲಿಂದೆಲ್ಲ ಬಿಸಿಲಿಗೆ ಮಾಸಿದೆ. ಮಡಿಕೆ ಒಳಗಿದ್ದ ಈ ಪಟ್ಟಿ ಮಾತ್ರ ಹೊಸದರ ಹಾಗಿದೆ. ನಡುವೆ ಮಡಿಕೆ ಇದ್ದ ಕಡೆ ಬಿಳೀ ಗೀಟು.”

ಫೋಟೋದಲ್ಲೂ ಹಾಗೇ ಇತ್ತು. ಮೇಲೆಲ್ಲ ಮಾಸಲು ಬೂದು, ಕೆಳಗೆ ಒಂದು ಗೇಣಿನಷ್ಟು ಕಡುಬಣ್ಣ, ನಡುವೆ ಗೆರೆ ಕೊರೆದ ಹಾಗೆ ಬಿಳೀ ಗೀಟು.

ಮೇಡಂ ಸುಲಭಕ್ಕೆ ಬಗ್ಗುವವರಲ್ಲ. “ಕಳ್ಳತನಕ್ಕೆ ಮುಂಚೆಯೇ ಬಿಚ್ಚಿರಬಹುದಲ್ಲಮ್ಮಾ?”

“ನೆಲ ಒರೆಸೋ ಪರದೆ ಒಂದು ತಿಂಗಳು ಶುಭ್ರ ಇರುತ್ತಾ ಮೇಡಂ? ನಿಮ್ಮನೇದು ಇರುತ್ತಾ? ಇದರ ಅಂಚು ನೋಡಿ, ಒಂದು ಚೂರು ಕೊಳೆ ಇಲ್ಲ. ಫೋಟೋ ಯಾವಾಗ ತೆಗೆದದ್ದು?”

ಮೇಡಂ ಫೈಲು ತೆಗೆದು ಫೋಟೋದ ಹಿಂಬದಿ ತಿರುಗಿಸಿದರು. ನ್ಯಾಯಾಧೀಶರು ಕೋಣೆ ನೋಡಲು ಬಂದ ದಿನ ತೆಗೆದದ್ದು ಎಂದು ತಾರೀಖು ಸಮೇತ ಬರೆದಿತ್ತು. ಕಳ್ಳತನವಾಗಿ ನಲವತ್ತು ದಿನಗಳ ಮೇಲೆ. ಮೇಡಂ ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರೆ ಬಿಚ್ಚಿದ್ದು ಕಳ್ಳತನ ಆದ್ಮೇಲೆ. ನಲವತ್ತು ದಿನ ಬೇಕಾದಷ್ಟಾಯ್ತು” ಎನ್ನುತ್ತ ಎಂಜಿನಿಯರ್ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯನ್ನು ಬಿಳೀ ಗೀಟಿನವರೆಗೆ ಮಡಚಿದ. ಕೆಳಗೆ ಒಂದು ಗೇಣು ನೆಲ ತೆರೆಯಿತು. ಅಲ್ಲಿ ಕಂದು ಬಿಳಿ ಶೂ ಇಟ್ಟು, ಮೊದಲು ತಾನೇ ಹೆಡ್‌ಸೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತ. “ಕಾಣ್ತಿದೆ ಮೇಡಂ!” ಎಂದು ಜಿಗಿದ. ಜಿಗಿದ ರಭಸಕ್ಕೆ ಮೇಡಂ ಅವರ ಚಹಾ ಫೈಲಿನ ಮೇಲೆ ಹೋಗುವುದರಲ್ಲಿತ್ತು, ಕಾವಲುಗಾರ ಹಿಡಿದ. ಆಮೇಲೆ ಮೇಡಂ ನೋಡಿದರು, ಕಾವಲುಗಾರನೂ ನೋಡಿದ. ಪರದೆ ಅಕ್ಕ ಬಿಚ್ಚಿದ ಪರದೆಯನ್ನೇ ಮೈಗೆ ಸುತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

“ಆ ಆಳು ನಮ್ಮಜ್ಜ” ಎಂದಳು. “ನಾನೂ ನಂಬಿರ್ಲಿಲ್ಲ ನೋಡಿ. ಪರದೆ ಹೊಲಿಯೋಳಾಗಿ ನಾನೇ ನಂಬಿರ್ಲಿಲ್ಲ.”

ಮೇಡಂ ಅವಳ ಪಕ್ಕ ಕೂತರು. “ಕಳ್ಳ ಯಾರು ಅಂತ ಇದರಿಂದ ಗೊತ್ತಾಗಲ್ಲಮ್ಮಾ. ಮಡಿಕೆ ಬಿಚ್ಚಿಸಿದ್ದು ಯಾರು ಅಂತಾನೂ ಗೊತ್ತಾಗಲ್ಲ. ಆದ್ರೆ ನಿಮ್ಮಜ್ಜ ಸುಳ್ಳು ಹೇಳಿದ್ರು ಅಂತ ಇನ್ನು ನನ್ನ ಮ್ಯೂಸಿಯಂನಲ್ಲಿ ಯಾರೂ ಹೇಳೋಕಾಗಲ್ಲ.” ಪೀಪಿಯನ್ನು ಅವತ್ತೇ ಅಳಿಸಿಹಾಕಿಸಿದರು.

ಉದ್ಘಾಟನೆಯ ದಿನ ಬಾಗಿಲಲ್ಲಿ ಪರದೆ ಅಕ್ಕ ಹೊಲಿದ ಪರದೆ ತೂಗುತ್ತಿತ್ತು, ನೆಲದಿಂದ ಸರಿಯಾಗಿ ಒಂದು ಗೇಣು ಮೇಲೆ. ಒಳಗೆ ಸಾಲು ಉದ್ದವಿತ್ತು. ಅಮ್ಮನನ್ನು ಕೈಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಅವಳ ಕನ್ನಡಕದ ಮೇಲೆಯೇ ಹೆಡ್‌ಸೆಟ್ ಕೂರಿಸುವಷ್ಟರಲ್ಲಿ ಎಂಜಿನಿಯರ್ ಬೆವೆತುಹೋದ. “ನೀವೀಗ ಆಳು ನಿಂತಿದ್ದ ಜಾಗದಲ್ಲೇ ನಿಂತಿದ್ದೀರಿ” ಎಂದಿತು ಕಿವಿಯೊಳಗಿನ ದನಿ.

“ಕೈ ಬಿಡಬೇಡ ಕಣೇ, ಬೀಳ್ತೀನಿ” ಎಂದಳು ಅಮ್ಮ. ಆಮೇಲೆ ತಾನೇ ಮಗಳ ಕೈ ಬಿಟ್ಟಳು. ಬಗ್ಗಿದಳು. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು. ಪರದೆ ಅಕ್ಕ ತಾನೂ ಪಕ್ಕದಲ್ಲಿ ಬಗ್ಗಿದಳು.

“ಏನಮ್ಮಾ, ಕಾಣ್ತಿಲ್ವಾ?”

“ಲೇಸು ಕಟ್ಟಿದೆಯಲ್ಲೇ” ಎಂದಳು ಅಮ್ಮ, ಮುನಿಸಿನಿಂದ. “ಎಡಗಾಲಿಂದು ಬಿಚ್ಚಿತ್ತು ಅಂತ ನಾನೆಷ್ಟು ಸಲ ಹೇಳಿಲ್ಲ?”

ಪರದೆ ಅಕ್ಕ ನಾಲಿಗೆ ಕಚ್ಚಿಕೊಂಡಳು. ಸಾವಿರ ಸಲ ಹೂಂಗುಟ್ಟಿದ್ದಳಲ್ಲ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಎಂಜಿನಿಯರ್ “ಒಂದ್ನಿಮಿಷ ಅಜ್ಜೀ, ಒಂದೇ ನಿಮಿಷ” ಎಂದು ಕೀಲಿಮಣೆ ಕುಟ್ಟಿದ. ಒಂದು ನಿಮಿಷ ಐದು ನಿಮಿಷವಾಯಿತು. ಎಡಗಾಲಿನ ಲೇಸು ಬಿಚ್ಚಿ ನೆಲದ ಮೇಲೆ ಬಿತ್ತು.

“ಹಾಂ” ಎಂದಳು ಅಮ್ಮ. ನೆಟ್ಟಗೆ ನಿಂತು, ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದಳು: “ಶೂ ಕಾಣ್ತು.” ಹುಟ್ಟಿದಾಗಿನಿಂದ ಆ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಲು ಕಾವಲುಗಾರ ಚಪ್ಪಾಳೆ ತಟ್ಟಿದ, ಆಮೇಲೆ ಸಾಲಿನಲ್ಲಿದ್ದವರೆಲ್ಲ ತಟ್ಟಿದರು. ಅಮ್ಮ ಮಾತ್ರ ಹೆಡ್‌ಸೆಟ್ ತೆಗೆಯಲು ಒಪ್ಪಲೇ ಇಲ್ಲ. ಹಿಂದೆ ನಿಂತವರಲ್ಲಿ ಒಬ್ಬರು ಮೆತ್ತಗೆ ಕೇಳಿದರು: “ಅಜ್ಜೀ, ಮುಗೀತಾ?”

“ಸ್ವಲ್ಪ ಇರ್ರಪ್ಪಾ” ಎಂದಳು ಅಮ್ಮ. “ನಮ್ಮಪ್ಪ ಇನ್ನೂ ನೋಡ್ತಾ ಇದ್ದಾನೆ.”